ಲಿಟಲ್ ಅಂಡಮಾನ್‌ಗೆ ಹೋಗೋರಿಗೆ: ಟಿಕೆಟ್ ಮಾಡೋ ಮುಂಚೆ ಇದನ್ನು ನೋಡಿ

ಹಾಸನದಿಂದ ವಿಮಾನ ನಿಲ್ದಾಣಕ್ಕೆ ಕಾರಲ್ಲಿ ಹೋಗೋರು ಬೆಂಗಳೂರು ಒಳಗೆ ನುಗ್ಗಬೇಡಿ. ನೆಲಮಂಗಲದಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ದಾರಿ ಹಿಡಿಯಿರಿ. ಪೋರ್ಟ್ ಬ್ಲೇರ್‌ವರೆಗೆ (ಈಗಿನ ಅಧಿಕೃತ ಹೆಸರು ಶ್ರೀ ವಿಜಯ ಪುರಂ) ಎಲ್ಲ ಸಲೀಸು. ತಲೆನೋವು ಇರೋದು ಅಲ್ಲಿಂದ ಲಿಟಲ್ ಅಂಡಮಾನ್ ದ್ವೀಪದ ಬಂದರು ಹಟ್ ಬೇಗೆ ಹೋಗೋ ಸರ್ಕಾರಿ ಹಡಗಿನದು. ಸಮುದ್ರ ಕೆಟ್ಟರೆ ಹಡಗು ರದ್ದು, ವಿಮಾನ ನಿಮಗಾಗಿ ಕಾಯೋದಿಲ್ಲ. ಹಾಗಾಗಿ ವಾಪಸ್ ವಿಮಾನಕ್ಕೆ ಕನಿಷ್ಠ 2 ದಿನ ಮುಂಚೆಯೇ ಪೋರ್ಟ್ ಬ್ಲೇರ್ ಸೇರೋ ಹಾಗೆ ಲೆಕ್ಕ ಹಾಕಿ. ಮಳೆಗಾಲ ಬೇಡವೇ ಬೇಡ. ಜನವರಿಯಿಂದ ಏಪ್ರಿಲ್ ಒಳ್ಳೇದು. ಹಡಗು 6ರಿಂದ 8 ಗಂಟೆ ತಗೊಳ್ಳುತ್ತೆ, ಚೆನ್ನಾಗಿ ಹೊಯ್ದಾಡುತ್ತೆ. ವಾಂತಿ ಮಾತ್ರೆಯನ್ನು ಹತ್ತೋಕೆ ಅರ್ಧ ಗಂಟೆ ಮುಂಚೆ ನುಂಗಿ, ಸಂಕಟ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ.

ದ್ವೀಪದಲ್ಲಿ ಜಾಗಗಳನ್ನು ಹಟ್ ಬೇ ಜೆಟ್ಟಿಯಿಂದ ಎಷ್ಟು ದೂರ ಅನ್ನೋ ಕಿಲೋಮೀಟರ್ ಲೆಕ್ಕದಲ್ಲೇ ಕರೀತಾರೆ. ಬಟ್ಲರ್ ಬೇ ಕಡಲತೀರ ಅಂದರೆ 14ನೇ ಕಿಲೋಮೀಟರ್. ಡಿಸೆಂಬರ್, ಜನವರಿಯಲ್ಲಿ ಸಂಜೆ ಐದೂ ಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಟಾರ್ಚ್ ಇರಲಿ.

ಸಕಲೇಶಪುರದ ಜಿಗಣೆಯಾದರೂ ಕಣ್ಣಿಗೆ ಬೀಳುತ್ತೆ, ಇಲ್ಲಿನ ಮರಳುನುಸಿ ಕಾಣೋದೇ ಇಲ್ಲ. ಬೆಳಗ್ಗೆ, ಸಂಜೆ ಕಾಲಿಗೆ ಕೊಬ್ಬರಿಎಣ್ಣೆ ದಪ್ಪಗೆ ಬಳಿದು, ಮರಳ ಮೇಲೆ ನೇರ ಕೂರದೆ ಚಾಪೆ ಹಾಸಿ. ಕಚ್ಚಿದರೆ ಕೆರೀಬೇಡಿ, ಹುಣ್ಣಾಗುತ್ತೆ.

ಹಳ್ಳ ಸಮುದ್ರ ಸೇರೋ ಕಡೆ ನೀರಿಗೆ ಇಳೀಬೇಡಿ, ಮೊಸಳೆ ಇರುತ್ತೆ. ಅಲ್ಲಿನ ಆದಿವಾಸಿಗಳಾದ ಓಂಗೆ ಜನರ ಮೀಸಲು ಪ್ರದೇಶಕ್ಕೆ ಪ್ರವೇಶ ಇಲ್ಲ, ಅವರ ಫೋಟೋ ತೆಗೆಯೋದೂ ಅಪರಾಧ. ಎಟಿಎಂ ನಂಬದೆ ಪೂರ್ತಿ ನಗದು ಒಯ್ಯಿರಿ.