ಹಿತ್ತಲಲ್ಲಿ ಟರ್ಫ್ ಹಾಕುವ ಮೊದಲು ನೀರಿನ ದಾರಿ ನೋಡಿ

ನಾನು ಉಡುಪಿ ಹತ್ತಿರದ ಕಟಪಾಡಿಯವನು. ಅಂಗಳಕ್ಕೆ ಇಂಟರ್‌ಲಾಕ್ ಹಾಕುವುದು ನನ್ನ ಕಸುಬು. ಈಗೀಗ ಟರ್ಫಿಗೇ, ಅಂದರೆ ಆಟದ ಜಾಗಕ್ಕೆ ಹಾಸುವ ಪ್ಲಾಸ್ಟಿಕ್ ಹುಲ್ಲಿಗೇ, ಫೋನ್ ಜಾಸ್ತಿ. ಎಲ್ಲರೂ ಮೊದಲು ಕೇಳುವುದು ಸ್ಕ್ವೇರ್ ಫೀಟಿಗೆ ಎಷ್ಟು ಅಂತ. ನಾನು ಕೇಳುವುದು ಬೇರೆ: ಜುಲೈಯಲ್ಲಿ ನಿಮ್ಮ ಹಿತ್ತಲಲ್ಲಿ ನೀರು ಎಲ್ಲಿ ನಿಲ್ಲುತ್ತದೆ?

ಉಡುಪಿ ಕಡೆ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಹುಲ್ಲು ಪ್ಲಾಸ್ಟಿಕ್, ಅದಕ್ಕೆ ಮಳೆಯಿಂದ ಏನೂ ಆಗುವುದಿಲ್ಲ. ಕೆಡುವುದು ಅದರ ಅಡಿ. ಹಾಗಾಗಿ ಕೈಯಲ್ಲಿ ಇರುವ ದುಡ್ಡಿನಲ್ಲಿ ಅಡಿಯ ಕೆಲಸಕ್ಕೆ ಮೊದಲು ತೆಗೆದಿಡಿ, ಉಳಿದದ್ದಕ್ಕೆ ಹುಲ್ಲು ನೋಡಿ.

ಜಾಗದ ಲೆಕ್ಕ ಸುಲಭ. ಶಟಲ್ ಡಬಲ್ಸ್ ಕೋರ್ಟ್ 44 ಅಡಿ ಉದ್ದ, 20 ಅಡಿ ಅಗಲ. ಅಂದರೆ 880 ಚದರ ಅಡಿ, ಸುಮಾರು ಎರಡು ಸೆಂಟ್ಸ್. ಆದರೆ ಗೆರೆಯ ಹೊರಗೂ ಓಡಲು ಜಾಗ ಬೇಕಲ್ವಾ? ಮೂರು ಸೆಂಟ್ಸ್ ಇಟ್ಟುಕೊಳ್ಳಿ. ಕೋರ್ಟಿನ ಉದ್ದ ಉತ್ತರ-ದಕ್ಷಿಣವಾಗಿರಲಿ, ಇಲ್ಲದಿದ್ದರೆ ಸಂಜೆ ಬಿಸಿಲು ಒಂದು ಕಡೆಯವರ ಕಣ್ಣಿಗೆ ನೇರ ಹೊಡೆಯುತ್ತದೆ. ತೆಂಗಿನ ಮರದ ಅಡಿ ಮಾತ್ರ ಬೇಡ. ಮಡಲು ಬಿದ್ದರೆ ಎತ್ತಿ ಬಿಸಾಡಬಹುದು, ಕಾಯಿ ಬೀಳುವುದು ತಮಾಷೆಯಲ್ಲ.

ಗುಡ್ಡೆ ಕಡಿದು ಮನೆ ಕಟ್ಟಿದವರು ಇನ್ನೊಂದು ನೋಡಬೇಕು. ಹಿಂದಿನ ಮುರಕಲ್ಲಿನ (ಜಂಬಿಟ್ಟಿಗೆ) ಬರೆಯಿಂದ, ಅಂದರೆ ಕಡಿದ ಗುಡ್ಡೆಯ ಗೋಡೆಯಿಂದ, ಮಳೆಗಾಲವಿಡೀ ನೀರು ಒಸರುತ್ತದೆ. ಬರೆಯ ಬುಡದಲ್ಲಿ ಒಂದು ಕಣಿ ತೋಡಿ, ಆ ನೀರು ಕೋರ್ಟಿಗೆ ಮುಟ್ಟುವ ಮೊದಲೇ ಬೇರೆ ಕಡೆ ಹೋಗಲಿ. ಬಾವಿ ಹತ್ತಿರ ಇದ್ದರೆ ಇಳಿಜಾರು ಬಾವಿಯ ಕಡೆಗೆ ಬರಲೇಬಾರದು. ಅಂಥ ಮನೆಗಳಲ್ಲಿ ಹುಲ್ಲಿನೊಳಗೆ ಹಾಕುವ ಕಪ್ಪು ರಬ್ಬರ್ ಕಾಳೂ ಬೇಡ ಅನ್ನುತ್ತೇನೆ. ಮಳೆಗೆ ತೇಲಿಕೊಂಡು ಹೋಗುವ ಸಾಮಾನು ಅದು. ಶಟಲ್‌ಗೆ ಅದು ಬೇಕಾಗಿಯೂ ಇಲ್ಲ.

ಕೆಲಸ ಶುರು ಮಾಡಲು ದೀಪಾವಳಿ ಕಳೆದ ಮೇಲೆ ಒಳ್ಳೆಯದು. ಮಣ್ಣಿನಲ್ಲಿ ಇನ್ನೂ ಸ್ವಲ್ಪ ಪಸೆ ಇರುತ್ತದೆ, ಚೆನ್ನಾಗಿ ಗಟ್ಟಿಯಾಗುತ್ತದೆ. ಮೇಲಿನ ಆರಿಂಚು ಮಣ್ಣು ತೆಗೆಯಿರಿ. ಗರಿಕೆ, ನಾಚಿಕೆ ಮುಳ್ಳು ಬೇರು ಸಮೇತ ಬರಬೇಕು. ಹೊಸದಾಗಿ ಮಣ್ಣು ತುಂಬಿಸಿದ ಜಾಗವಾದರೆ ಒಂದು ಮಳೆಗಾಲ ಸುಮ್ನೆ ಬಿಡಿ. ಅದು ಕುಸಿದು ಕೂತ ಮೇಲೆ ಮುಂದಿನ ಮಾತು.

ಮಣ್ಣನ್ನು ಮಿಷನ್‌ನಲ್ಲಿ ಗುದ್ದಿಸಿ, ಮೇಲೆ ಜಿಯೋ ಬಟ್ಟೆ ಹಾಸಿ. ಕೆಳಗಿನ ಕೆಸರು ಜಲ್ಲಿಯೊಳಗೆ ಏರದಂತೆ ತಡೆಯುವುದು ಇದೇ. ಅದರ ಮೇಲೆ 40 ಎಂಎಂ ಜಲ್ಲಿ, ನಂತರ 20 ಎಂಎಂ, ಕೊನೆಗೆ ಸಣ್ಣ ಚಿಪ್ಸ್. ಒಂದೊಂದು ಪದರವನ್ನೂ ಬೇರೆ ಬೇರೆಯಾಗಿ ಗುದ್ದಬೇಕು. ಜಲ್ಲಿ ಹುಡಿ ಮಟ್ಟ ಮಾಡಲು ಬೇಕಾದಷ್ಟೇ, ತೆಳ್ಳಗೆ. ಘಟ್ಟದ ಮೇಲೆ ದಪ್ಪ ಹುಡಿ ನಡೆಯಬಹುದು, ಇಲ್ಲಿ ಅದು ಕಟ್ಟಿಕೊಂಡು ನೀರು ಇಳಿಯುವುದೇ ಇಲ್ಲ. ಸುತ್ತ ಅಂಚಿಗೆ ಮುರಕಲ್ಲು ಅಥವಾ ಕಾಂಕ್ರೀಟ್ ಇರಲಿ, ನಡುನಡುವೆ ನೀರು ಹೊರಹೋಗಲು ತೂತು ಬಿಡಿ. ಮರದ ಪಟ್ಟಿ ಬೇಡ, ಗೆದ್ದಲಿಗೆ ನಾವೇ ಊಟ ಬಡಿಸಿದ ಹಾಗೆ.

ಇಳಿಜಾರು ಎಂಟು ಅಡಿಗೆ ಒಂದಿಂಚು. 20 ಅಡಿ ಅಗಲಕ್ಕೆ ಎರಡೂವರೆ ಇಂಚು ಆಯಿತು. ಆಡುವಾಗ ಕಾಲಿಗೆ ಗೊತ್ತಾಗುವುದಿಲ್ಲ, ನೀರಿಗೆ ಗೊತ್ತಾಗುತ್ತದೆ. ನೀರು ತುಂಬಿಸಿದ ಟ್ಯೂಬ್ ಹಿಡಿದು ಮಟ್ಟ ನೋಡಿ, ನೂಲು ಕಟ್ಟಿ. ಆಮೇಲೆ ಉದ್ದದ ಅಲ್ಯೂಮಿನಿಯಂ ಪಟ್ಟಿ ಮಲಗಿಸಿ, ಬಗ್ಗಿ ಅದರ ಅಡಿ ನೋಡಿ. ಎಲ್ಲಿ ಬೆಳಕು ಕಾಣುತ್ತದೋ ಅಲ್ಲಿ ಗುಂಡಿ ಇದೆ. ಕೊನೆಗೆ ನಾಲ್ಕೈದು ಕಡೆ ಒಂದೊಂದು ಕೊಡಪಾನ ನೀರು ಸುರಿಯಿರಿ. ನಿಂತರೆ ಆ ಭಾಗ ಬಿಚ್ಚಿ ಸರಿಮಾಡಿ. ಹುಲ್ಲು ಹಾಸಿದ ಮೇಲೆ ಈ ಕೆಲಸ ಆಗದು.

ಇನ್ನು ಹುಲ್ಲು. ಬಾಲ್ಕನಿಗೆ ಹಾಕುವ ಮೆತ್ತನೆಯ ಹುಲ್ಲು ಆಟಕ್ಕೆ ಆಗುವುದಿಲ್ಲ. ಫುಟ್‌ಬಾಲ್‌ಗೆ 40-50 ಎಂಎಂ ಎತ್ತರ ಬೇಕು. ಶಟಲ್, ಮಕ್ಕಳ ಕ್ರಿಕೆಟ್‌ಗೆ 10-15 ಎಂಎಂ ಸಾಕು. ಎತ್ತರದ ಹುಲ್ಲಿನಲ್ಲಿ ಚೆಂಡು ಏಳುವುದೇ ಇಲ್ಲ. ಸ್ಯಾಂಪಲ್ ತುಂಡನ್ನು ಬೆಳಕಿಗೆ ಹಿಡಿಯಿರಿ, ಹಿಂಬದಿಯಲ್ಲಿ ನೀರಿನ ತೂತು ಕಾಣಬೇಕು. ನಾಲ್ಕು ಎಸಳು ಹಿಡಿದು ಜಗ್ಗಿ. ಕಿತ್ತು ಬಂದರೆ ಆ ಅಂಗಡಿಗೆ ಕೈ ಮುಗಿದು ಬನ್ನಿ.

ರೋಲ್ ಎರಡು ಮೀಟರ್ ಅಗಲದ್ದಾದರೆ 20 ಅಡಿ (ಆರು ಮೀಟರಿಗಿಂತ ಸ್ವಲ್ಪ ಹೆಚ್ಚು) ಅಗಲಕ್ಕೇ ನಾಲ್ಕು ಬೇಕಾಗುತ್ತದೆ. ಕತ್ತರಿಸುವ ಮೊದಲು ಬಿಡಿಸಿ ಎರಡು ಗಂಟೆ ಬಿಸಿಲಲ್ಲಿ ಬಿಡಿ, ಮಡಿಕೆ ಹೋಗುತ್ತದೆ. ಎಲ್ಲ ರೋಲಿನ ಎಸಳೂ ಒಂದೇ ಕಡೆಗೆ ಬಾಗಿರಲಿ, ತಿರುಗಿಸಿ ಹಾಕಿದರೆ ಬಣ್ಣವೇ ಬೇರೆ ಕಾಣುತ್ತದೆ. ಜಾಯಿಂಟ್ ಕೆಳಗೆ ಟೇಪು, ಅದರ ಮೇಲೆ ಗಮ್ಮು. ಅಂಚುಗಳು ಒಂದರ ಮೇಲೊಂದು ಏರಬಾರದು. ಗಮ್ಮು ಹಿಡಿಯುವ ತನಕ ಮರಳಿನ ಚೀಲ ಇಡಿ. ಅದರ ಮೇಲೆ ಮಕ್ಕಳನ್ನು ಬಿಡಬೇಡಿ, ನಾಯಿಯನ್ನೂ.

ಮೇಲೆ ತೊಳೆದು ಒಣಗಿಸಿದ ಸಿಲಿಕಾ ಮರಳು ಹಾಕಿ ಬ್ರಷ್‌ನಲ್ಲಿ ಒಳಗಿಳಿಸಬೇಕು. ಎಷ್ಟು ಕೆಜಿ ಎಂದು ಹುಲ್ಲು ಮಾಡಿದ ಕಂಪನಿಯೇ ಹೇಳಿರುತ್ತದೆ. ಒದ್ದೆ ಮರಳು ಕೆಳಗೆ ಹೋಗುವುದಿಲ್ಲ. ಮಲ್ಪೆ ಕಡೆಯಿಂದ ಒಂದು ಟೆಂಪೋ ಹೊಯ್ಗೆ ತಂದರೆ ಆಗದಾ ಅಂತ ಕೇಳುವವರಿದ್ದಾರೆ. ಕಡಲ ಹೊಯ್ಗೆಯಲ್ಲಿ ಉಪ್ಪು, ಚಿಪ್ಪಿನ ಚೂರು ಎಲ್ಲ ಇರುತ್ತದೆ. ತೆಗೆಯುವುದು ಕಾನೂನಿಗೂ ವಿರುದ್ಧ.

ಒಂದು ಮನೆಯಲ್ಲಿ ಕೆಲಸ ನಡೆಯುವಾಗ ಅಜ್ಜಿ ಹೊರಗೆ ಬಂದು, "ಅಡಿಕೆ ಎಲ್ಲಿ ಹರಡುವುದು ಮಾರಾಯಾ?" ಅಂದರು. "ಅಂಗಳ ಹಾಗೇ ಇದೆಯಲ್ಲ ಅಮ್ಮ" ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. ನಿಮ್ಮ ಮನೆಯಲ್ಲೂ ಇದನ್ನು ಮೊದಲೇ ಮಾತಾಡಿಕೊಳ್ಳಿ. ಟರ್ಫಿನ ಮೇಲೆ ಅಡಿಕೆ ಹರಡಿದರೆ ಸಿಪ್ಪೆಯ ನಾರು ಎಸಳಿನೊಳಗೆ ಸೇರಿ ಮತ್ತೆ ಬರುವುದಿಲ್ಲ.

ನೆಟ್ ಕಟ್ಟುವ ಕಂಬ ಜಿಐ ಪೈಪಿನದ್ದಾಗಲಿ, ಉಪ್ಪು ಗಾಳಿಗೆ ಪೇಂಟೂ ಬೇಕು. ಲೈಟ್ ಹಾಕುವುದಾದರೆ ಅರ್ತಿಂಗ್ ಸರಿಯಾಗಿರಲಿ, ಬೆಳಕು ಪಕ್ಕದ ಮನೆಯ ಕಿಟಕಿಗೆ ಬೀಳದಿರಲಿ. ಏಪ್ರಿಲ್-ಮೇಯಲ್ಲಿ ಮಧ್ಯಾಹ್ನ ಹುಲ್ಲು ಕಾದು ಬರಿಗಾಲು ಸುಡುತ್ತದೆ, ನಾಲ್ಕೂವರೆಯ ಮೇಲೆ ಆಡಿಸಿ. ಮೇ ಕೊನೆಗೆ ಕಣಿ, ತೂತು ಎಲ್ಲ ಬಿಡಿಸಿಡಿ. ಮಳೆಗಾಲದಲ್ಲಿ ಕಸ ಕೊಳೆಯಲು ಬಿಟ್ಟರೆ ಪಾಚಿ ಹಿಡಿದು ಜಾರುತ್ತದೆ, ಆಗಾಗ ಗುಡಿಸಿ. ಅಕ್ಟೋಬರ್‌ನಲ್ಲಿ ಒಣಗಿದ ಮೇಲೆ ಎಸಳಿಗೆ ಎದುರಾಗಿ ಬ್ರಷ್ ಹೊಡೆದು, ಮರಳು ಕಮ್ಮಿಯಾದಲ್ಲಿ ಮತ್ತೆ ಹಾಕಿ. ಅದಕ್ಕೆಂದೇ ಎರಡು ಚೀಲ ಮರಳು ಶೆಡ್ಡಿನಲ್ಲಿ ಉಳಿಸಿಡಿ.