ರೀಲು ನುಂಗುವ ಟೇಪ್ ರೆಕಾರ್ಡರಿಗೆ ಮನೆಯಲ್ಲೇ ಮಾಡುವ ಆರೈಕೆ

ಅಟ್ಟದಿಂದ ಇಳಿಸಿದ ಟೇಪ್ ರೆಕಾರ್ಡರಿಗೆ ಕೂಡಲೇ ಒಳ್ಳೆಯ ಕ್ಯಾಸೆಟ್ ಹಾಕಬೇಡಿ. ರೀಲು ನುಂಗಿದರೆ ಆ ಹರಿಕತೆ, ಆ ಸೋಬಾನೆ ಪದ ಇನ್ನೊಮ್ಮೆ ಸಿಗುವುದಿಲ್ಲ. ಹೋದರೂ ಚಿಂತೆಯಿಲ್ಲದ ಕ್ಯಾಸೆಟ್ ಒಂದನ್ನು ಪರೀಕ್ಷೆಗೆಂದೇ ಇಟ್ಟುಕೊಳ್ಳಿ.

ದಾವಣಗೆರೆಯ ಬಿಸಿಲು, ಧೂಳು, ಮಂಡಕ್ಕಿ ಭಟ್ಟಿ ಕಡೆಯ ಮಸಿ ಮೊದಲು ಕೆಡಿಸುವುದು ಹೆಡ್ಡನ್ನು (ರೀಲಿನಿಂದ ಸದ್ದು ಓದುವ ಲೋಹದ ಭಾಗ) ಮತ್ತು ರಬ್ಬರನ್ನು. ಆದ್ದರಿಂದ ಸ್ವಚ್ಛತೆಯೇ ಮೊದಲ ರಿಪೇರಿ. ಪ್ಲಗ್ ಕಿತ್ತು, ಕಿವಿಕಡ್ಡಿಯ ಹತ್ತಿಗೆ 99% ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಹೆಡ್ಡನ್ನೂ ಪಕ್ಕದ ಉಕ್ಕಿನ ಕಡ್ಡಿಯನ್ನೂ (ಕ್ಯಾಪ್‌ಸ್ಟನ್) ಒರೆಸಿ. ಹತ್ತಿಗೆ ಕಂದು ಬಣ್ಣ ಹತ್ತುವುದು ನಿಲ್ಲುವ ತನಕ ಕಡ್ಡಿ ಬದಲಿಸುತ್ತಿರಿ. ಗಾಯಕ್ಕೆ ಹಚ್ಚುವ ಸ್ಪಿರಿಟ್ ಬೇಡ, ಅದರಲ್ಲಿ ನೀರಿನಂಶ ಹೆಚ್ಚು. ಆ ಕಡ್ಡಿಗೆ ರೀಲನ್ನು ಒತ್ತಿ ಓಡಿಸುವ ಕಪ್ಪು ರಬ್ಬರ್ ಗಾಲಿಗೆ ಮಾತ್ರ ಒಂದು ಹನಿ ಸೋಪು ಬೆರೆಸಿದ ನೀರು ಸಾಕು. ಆಲ್ಕೊಹಾಲ್ ಪದೇಪದೇ ತಾಗಿದರೆ ರಬ್ಬರ್ ಗಡುಸಾಗುತ್ತದೆ. ಗಾಲಿ ಮಿರಿಮಿರಿ ಹೊಳೆಯುತ್ತಿದ್ದರೆ ಹಿಡಿತ ಹೋಗಿದೆ ಎಂದರ್ಥ. ನಯವಾದ ಪಾಲೀಶ್ ಕಾಗದದಿಂದ ಹಗುರವಾಗಿ ತಿಕ್ಕಿ.

ಇಷ್ಟಾದರೂ ರೀಲು ಸುತ್ತಿಕೊಂಡರೆ ತಪ್ಪು ಬಹುತೇಕ ರೀಲು ಸುತ್ತಿಕೊಳ್ಳುವ ಬಲಗಡೆಯ ಚಕ್ರದ್ದು. ರಬ್ಬರ್ ಗಾಲಿ ರೀಲನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ, ಚಕ್ರ ಎಳೆದುಕೊಳ್ಳದಿದ್ದರೆ ಅದು ಒಳಗೆ ಗುಡ್ಡೆ ಬೀಳುತ್ತದೆ. ಕ್ಯಾಸೆಟ್ ಇಲ್ಲದೆ ಪ್ಲೇ ಒತ್ತಿ, ತಿರುಗುವ ಚಕ್ರಕ್ಕೆ ಬೆರಳು ತಾಗಿಸಿ ನೋಡಿ. ಸ್ವಲ್ಪ ತಾಗಿದ್ದಕ್ಕೇ ನಿಂತರೆ ಮೋಟಾರಿನ ತಿರುಗಾಟವನ್ನು ಚಕ್ರಕ್ಕೆ ಮುಟ್ಟಿಸುವ ರಬ್ಬರ್ ಬೆಲ್ಟು ಸಡಿಲವಾಗಿದೆ, ಇಲ್ಲವೇ ಚಕ್ರ ತಿರುಗಿಸುವ ಚಿಕ್ಕ ಗಾಲಿಯ ರಬ್ಬರ್ ಸವೆದಿದೆ.

ಹಳೇ ಬೆಲ್ಟು ಕೆಲವೊಮ್ಮೆ ಡಾಂಬರಿನಂತೆ ಕರಗಿ ಪುಲ್ಲಿಗೆ (ಬೆಲ್ಟು ಕೂರುವ ಚಕ್ರ) ಅಂಟಿಕೊಂಡಿರುತ್ತದೆ. ಕೈಗೆ ಹತ್ತಿದರೆ ಬೇಗ ಹೋಗುವುದಿಲ್ಲ, ಆಲ್ಕೊಹಾಲಿನ ಬಟ್ಟೆಯಲ್ಲೇ ತೆಗೆಯಿರಿ. ಹೊಸದರ ಅಳತೆಗೆ, ಬೆಲ್ಟು ಹಾಯುವ ದಾರಿಗೆ ನೂಲು ಸುತ್ತಿ ಅಳೆಯಿರಿ. ಅದಕ್ಕಿಂತ 5ರಿಂದ 8% ಗಿಡ್ಡದ್ದು ಬೇಕು. ದಾರಿ 25 ಸೆಂ.ಮೀ. ಇದ್ದರೆ ಬೆಲ್ಟು ಸುಮಾರು 23.5. ಅದಕ್ಕಿಂತ ಬಿಗಿಯಾದರೆ ಮೋಟಾರಿಗೆ ಭಾರ. ಚಪ್ಪಟೆ ಇದ್ದ ಕಡೆ ಚಪ್ಪಟೆಯದನ್ನೇ, ಚೌಕದ್ದಿದ್ದರೆ ಚೌಕದ್ದನ್ನೇ ಹಾಕಿ. ಕಟ್ಟುವ ರಬ್ಬರ್ ಬ್ಯಾಂಡಿನ ದಪ್ಪ ಒಂದೇ ಸಮ ಇರುವುದಿಲ್ಲ, ಹಾಡು ತೇಲಾಡುತ್ತದೆ. ಬೆಲ್ಟನ್ನು ಬಿಸಿನೀರಿನಲ್ಲಿ ಕುದಿಸಿ ಬಿಗಿ ಮಾಡುವುದು ನಾಲ್ಕು ದಿನದ ಉಪಾಯ.

ರೀಲು ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು. ಅವಧಿ ಗೊತ್ತಿರುವ ಹಾಡನ್ನು ಮೊಬೈಲ್ ಗಡಿಯಾರದ ಜೊತೆ ಹಿಡಿದು ನೋಡಿ: ಐದು ನಿಮಿಷಕ್ಕೆ ಮೂರು ಸೆಕೆಂಡ್ ವ್ಯತ್ಯಾಸ ಎಂದರೆ 1%. ಹೆಚ್ಚಿದ್ದರೆ, ಅನೇಕ ಮೋಟಾರುಗಳ ಹಿಂದಿರುವ ಚಿಕ್ಕ ತೂತಿನೊಳಗಿನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ.

ಹೆಡ್ಡಿನ ಓರೆ ಹೊಂದಿಸುವ ಪಕ್ಕದ ಸ್ಪ್ರಿಂಗ್ ಸ್ಕ್ರೂ ಮುಟ್ಟುವ ಆಸೆ ಎಲ್ಲರಿಗೂ ಬರುತ್ತದೆ, ತಡೆದುಕೊಳ್ಳಿ. ಒಂದೇ ಕ್ಯಾಸೆಟ್ ಮಂಕಾಗಿ ಕೇಳಿದರೆ ಅದು ಆ ರೆಕಾರ್ಡಿಂಗಿನ ದೋಷ, ಇಲ್ಲವೇ ಅದರೊಳಗೆ ರೀಲನ್ನು ಹೆಡ್ಡಿಗೆ ಒತ್ತುವ ಪುಟ್ಟ ಮೆತ್ತೆ ಉದುರಿದೆ. ಒರೆಸಿದ ಮೇಲೂ ಎಲ್ಲವೂ ಮಂಕಾಗಿದ್ದರೆ ಮಾತ್ರ, ‘ಸ’ಕಾರ ಚೂಪಾಗಿ ಕೇಳುವ ತನಕ ಆ ಸ್ಕ್ರೂವನ್ನು ಕಾಲು ಸುತ್ತಿನೊಳಗೆ ತಿರುಗಿಸಿ, ಉಗುರುಬಣ್ಣದ ಒಂದು ಚುಕ್ಕೆಯಿಂದ ಭದ್ರಪಡಿಸಿ.

ತುಂಡಾದ ರೀಲಿಗೆ ಸಾಮಾನ್ಯ ಸೆಲ್ಲೋಟೇಪ್ ಹಾಕಬೇಡಿ. ಅದರ ಗೋಂದು ಇಳಿದು ಪಕ್ಕದ ಸುತ್ತುಗಳಿಗೂ, ಒರೆಸಿಟ್ಟ ಹೆಡ್ಡಿಗೂ ಮೆತ್ತಿಕೊಳ್ಳುತ್ತದೆ. ರೀಲು ಜೋಡಿಸಲೆಂದೇ ಬರುವ ತೆಳು ಟೇಪನ್ನು ಹೆಡ್ಡಿಗೆ ತಾಗದ ಬೆನ್ನಿನ ಕಡೆ ಮಾತ್ರ ಅಂಟಿಸಿ, ಅಂಚಿನಿಂದ ಹೊರಚಾಚಿದ್ದನ್ನು ಬ್ಲೇಡಿನಿಂದ ಸವರಿ.