ಹಳೆ ಗಣಿಗಳ ಕಣಿವೆಯಲ್ಲಿ ಜೀಪ್ ಹತ್ತಿಸೋದು ಹೇಗೆ?

ಅಮೆರಿಕದ ಕೊಲೊರಾಡೊದಲ್ಲಿ ಸಿಲ್ವರ್ಟನ್ ಅನ್ನೋ ಸಣ್ಣ ಊರಿದೆ. ಅಲ್ಲಿಂದ ಅನಿಮಸ್ ನದಿ ಪಕ್ಕದಲ್ಲೇ ಕಣಿವೆ ಹತ್ತುತ್ತಾ ಹೋದರೆ ಸುಮಾರು 12 ಮೈಲಿಗೆ ಅನಿಮಸ್ ಫೋರ್ಕ್ಸ್ ಸಿಗುತ್ತದೆ. ಬೆಳ್ಳಿ ಹುಡುಕಿಕೊಂಡು ಬಂದವರು 1870ರ ದಶಕದಲ್ಲಿ ಕಟ್ಟಿದ, ಈಗ ಯಾರೂ ಇಲ್ಲದ ಊರು. ಅಲ್ಲಿವರೆಗಿನ ಜಲ್ಲಿ ರಸ್ತೆ ಕಷ್ಟವೇನಲ್ಲ. ಅದರಾಚೆ, 12,640 ಅಡಿ ಎತ್ತರದ ಸಿನಮನ್ ಪಾಸ್ (ಬೆಟ್ಟ ದಾಟುವ ದಾರಿ) ಹತ್ತುವಾಗಲೇ ನಿಜವಾದ ಕೆಲಸ ಶುರು.

ಫೋರ್ ವೀಲ್ ಡ್ರೈವ್ ಇದ್ದರೆ ಸಾಲದು, ಲೋ ರೇಂಜ್ ಗೇರ್ (ಗಾಡಿಯನ್ನು ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗೇರ್) ಬೇಕು. ಮಾಮೂಲಿ ಬಾಡಿಗೆ ಕಾರಿನ ಕರಾರಿನಲ್ಲಿ ಇಂಥ ರಸ್ತೆಗೆ ಅನುಮತಿ ಇರೋದು ಅಪರೂಪ, ಓದಿ ನೋಡಿ. ಸುತ್ತಲಿನ ಊರುಗಳಲ್ಲಿ ಇದಕ್ಕೇ ಅಂತ ಜೀಪ್ ಬಾಡಿಗೆಗೆ ಸಿಗುತ್ತವೆ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ ಆಗುತ್ತಿದ್ದಂತೆ ಗುಡುಗು ಮಿಂಚು ಬರೋದು ಜಾಸ್ತಿ. ಹಾಗಾಗಿ ಬೆಳಿಗ್ಗೆ ಬೇಗ ಹೊರಡಿ.

ಕಲ್ಲು ದಾರಿ ಶುರುವಾಗುವ ಮುಂಚೆ ಟೈರ್ ಗಾಳಿ ಇಳಿಸಿ. 35 ಪಿಎಸ್‌ಐ ಇದ್ದರೆ 20ರ ಆಸುಪಾಸಿಗೆ. ಟೈರ್ ಬುಡದಲ್ಲಿ ಸ್ವಲ್ಪ ಉಬ್ಬಿ, ಕಲ್ಲನ್ನು ತಬ್ಬಿಕೊಂಡ ಹಾಗೆ ಹಿಡಿಯುತ್ತದೆ, ಕುಲುಕಾಟವೂ ಕಮ್ಮಿ. ಗಾಳಿ ತುಂಬುವ ಪಂಪ್ ಜೊತೆಗಿರಲಿ, ಬಾಡಿಗೆ ಜೀಪಾದರೆ ಮೊದಲು ಕೇಳಿಕೊಳ್ಳಿ.

ಆಮೇಲೆ ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಲೋ ರೇಂಜ್‌ಗೆ ಬದಲಿಸಿ. ಒಂದು ಅಥವಾ ಎರಡನೇ ಗೇರು ಸಾಕು. ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ನೂಕುವ ಸಾಧನ) ಇಲ್ಲದ ಎಂಜಿನ್ ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಪಾಸ್ ಹತ್ತಿರ ಗಾಡಿ ಏದುಸಿರು ಬಿಟ್ಟರೆ ಕೆಟ್ಟಿದೆ ಅಂತ ಗಾಬರಿಯಾಗಬೇಡಿ.

ಹೊಸಬರು ಎಡವೋದು ಇಲ್ಲೇ: ದೊಡ್ಡ ಕಲ್ಲು ಕಂಡರೆ ಎರಡು ಚಕ್ರದ ಮಧ್ಯೆ ಬಿಟ್ಟು ದಾಟಲು ನೋಡುತ್ತಾರೆ, ಅದು ಹೋಗಿ ಗಾಡಿಯ ಹೊಟ್ಟೆಗೆ ತಾಗುತ್ತದೆ. ಚಕ್ರವನ್ನು ಕಲ್ಲಿನ ಮೇಲೇ ಹತ್ತಿಸಿ, ಗಾಡಿ ಎತ್ತರವಾಗುತ್ತದೆ ಅಲ್ವಾ? ಅನುಮಾನ ಬಂದರೆ ಸುಮ್ನೆ ಇಳಿದು ನೋಡಿ, ನಾಚಿಕೆ ಏನಿಲ್ಲ. ಹೆಬ್ಬೆರಳನ್ನು ಸ್ಟೀರಿಂಗ್ ಒಳಗೆ ಸಿಕ್ಕಿಸಬೇಡಿ. ಚಕ್ರ ಕಲ್ಲಿಗೆ ಬಡಿದಾಗ ಸ್ಟೀರಿಂಗ್ ತಿರುಗಿ ಬೆರಳು ಮುರಿಯಬಹುದು.

ಎದುರಿಗೆ ಗಾಡಿ ಬಂದರೆ ಹತ್ತುವವರಿಗೇ ಮೊದಲ ದಾರಿ, ಇಳಿಯುವವರು ಹಿಂದೆ ಸರಿಯಬೇಕು.

ಗಣಿಯ ಬಾಯಿ ಕಂಡರೆ ಒಳಗೆ ಕಾಲಿಡಬೇಡಿ. ಕೊಳೆತ ಮರದ ಆಸರೆ, ಕತ್ತಲಲ್ಲಿ ಕಾಣದ ಗುಂಡಿ, ಆಮ್ಲಜನಕ ಕಮ್ಮಿ ಇರುವ ಗಾಳಿ. ಕಿತ್ತಳೆ ಬಣ್ಣದ ನೀರು ಹರಿಯುತ್ತಿದ್ದರೆ ನಾಯಿಗೂ ಕುಡಿಸಬೇಡಿ. 2015ರ ಆಗಸ್ಟ್ 5ರಂದು ಹತ್ತಿರದ ಗೋಲ್ಡ್ ಕಿಂಗ್ ಗಣಿಯಿಂದ ಸುಮಾರು 30 ಲಕ್ಷ ಗ್ಯಾಲನ್ ಕೊಳಕು ನೀರು ನುಗ್ಗಿ ಅನಿಮಸ್ ನದಿಯೇ ಆ ಬಣ್ಣಕ್ಕೆ ತಿರುಗಿತ್ತು. ಖಾಲಿ ಮನೆಗಳನ್ನು ನೋಡಿ, ತುಕ್ಕು ಹಿಡಿದ ಮೊಳೆಯನ್ನೂ ಜೇಬಿಗೆ ಹಾಕಬೇಡಿ.

ಇಳಿಯುವಾಗಲೂ ಲೋ ರೇಂಜ್, ಒಂದನೇ ಗೇರು. ಎಂಜಿನ್ನೇ ಗಾಡಿಯನ್ನು ಹಿಡಿದಿಡಲಿ. ಬ್ರೇಕ್ ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ತಣ್ಣಗಾಗಲು ಬಿಡಿ. ಡಾಂಬರು ಸಿಕ್ಕಿದ ತಕ್ಷಣ ಟೈರಿಗೆ ಗಾಳಿ ತುಂಬಿಸಿ, ಆಮೇಲೆ ಊಟ.